ಕರಿಬೇವಿನ ನೆಪ

ಕರಿಬೇವಿನ ವಾಸನೆ ಬಂದರೆ ನಿಮಗೆಲ್ಲ ಒಗ್ಗರಣೆ ನೆನಪಾಗುತ್ತದೆ. ನನಗೆ ನೆನಪಾಗುವುದು ಪಾಯಖಾನೆ. ಮುಖ ಸಿಂಡರಿಸಬೇಡಿ, ಸ್ವಲ್ಪ ದೂರ ನನ್ನ ಜೊತೆ ನಡೆದುಕೊಂಡು ಬನ್ನಿ. ನಿಧಾನವಾಗಿಯೇ ಹೋಗೋಣ, ನನ್ನ ಮಂಡಿಗೆ ಅದಕ್ಕಿಂತ ಹೆಚ್ಚಿನ ವೇಗ ಈಗ ಆಗುವುದಿಲ್ಲ.

ಕಳೆದ ತಿಂಗಳು ಚಾಮರಾಜಪೇಟೆಯ ತಂಗಿಯ ಮನೆಗೆ ಹೋಗಿ ಬಸವನಗುಡಿಯ ನಮ್ಮ ಸ್ಟಾಪಿನಲ್ಲಿ ಬಂದು ಇಳಿದೆ. ಕೈಚೀಲದಲ್ಲಿ ತಂಗಿ ಒತ್ತಾಯ ಮಾಡಿ ತುರುಕಿದ ಒಂದು ಇಡೀ ಸಿಹಿಗುಂಬಳ. ಹೊಟ್ಟೆಯಲ್ಲಿ ಅವಳೇ ಒತ್ತಾಯ ಮಾಡಿ ಕುಡಿಸಿದ ಎರಡನೇ ಲೋಟ ಕಾಫಿ. ಮಾರುಕಟ್ಟೆಯ ಮೂಲೆಯಲ್ಲಿ ಒಂದು ಶೌಚಾಲಯ ಇದೆಯಲ್ಲ ಎಂಬ ಧೈರ್ಯದ ಮೇಲೆ ಆ ಕಾಫಿಗೆ ಒಪ್ಪಿದ್ದೆ. ಹೋಗಿ ನೋಡಿದರೆ ಬಾಗಿಲಿಗೆ ಬೀಗ. ದುರಸ್ತಿಯೋ, ನೀರಿಲ್ಲವೋ, ಯಾರೂ ಏನೂ ಬರೆದಿರಲಿಲ್ಲ. ಬೀಗಕ್ಕೆ ಆಗಲೇ ತುಕ್ಕು ಹಿಡಿಯುತ್ತಿತ್ತು.

ಆ ಬಾಗಿಲಿನ ಎದುರಿಗೇ ಗೌರಮ್ಮ ಸೊಪ್ಪು ಹರಡಿಕೊಂಡು ಕೂರುತ್ತಾಳೆ. ಎಷ್ಟೋ ವರ್ಷಗಳಿಂದ ನಮ್ಮ ಮನೆಯ ಸೊಪ್ಪು ಅವಳದೇ. ನನ್ನ ಪೇಚಾಟ ಅವಳಿಗೆ ತಿಳಿಯದಿರಲಿ ಎಂದು, ಸೊಪ್ಪಿಗಾಗಿಯೇ ಬಂದವಳ ಹಾಗೆ ನಿಂತು, ಬೇಡದಿದ್ದರೂ ಒಂದು ಕಟ್ಟು ಕೊತ್ತಂಬರಿ ಕೊಂಡೆ. ಅವಳು ಅದರ ಮೇಲೆ ಒಂದು ಎಸಳು ಕರಿಬೇವು ಇಟ್ಟುಕೊಟ್ಟಳು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಆ ಬೀದಿಯಲ್ಲಿ ಇರಲಿಲ್ಲ. ಪದ್ದತ್ತೆಯ ಸೆರಗಿನ ಹಿಂದೆ ಹೋಗುತ್ತಿದ್ದೆ.

ಪದ್ದತ್ತೆ ನಮ್ಮ ತಂದೆಯ ಅಕ್ಕ. ಮಕ್ಕಳಿರಲಿಲ್ಲ. ಗಂಡನ ಜೊತೆ ನಮ್ಮ ಮನೆಯ ಪಕ್ಕದ ಭಾಗದಲ್ಲೇ ಇದ್ದಳು. ಕುಳ್ಳಗೆ, ದುಂಡಗೆ, ಕಾಲಿಗೆ ಚಕ್ರ ಕಟ್ಟಿಕೊಂಡವಳು. ಊಟವಾಗಿ ಪಾತ್ರೆ ಕವುಚಿದರೆ ಅವಳನ್ನು ಹಿಡಿಯುವವರಿಲ್ಲ. ತ್ಯಾಗರಾಜನಗರದ ಕಡೆಯಿಂದ ಹೊರಟು ದೊಡ್ಡ ದೊಡ್ಡ ಮರಗಳ ನೆರಳು ಹುಡುಕುತ್ತಾ, ಪುರಾಣ ಎಲ್ಲಿದೆ, ಸೀರೆ ಅಂಗಡಿಯಲ್ಲಿ ಹೊಸದೇನು ಬಂದಿದೆ, ಯಾರ ಮನೆಯಲ್ಲಿ ಸಂಪಿಗೆ ಬಿಟ್ಟಿದೆ, ಎಲ್ಲ ವಿಚಾರಿಸಿಕೊಂಡು ಸಂಜೆಗೆ ಮನೆ ಸೇರುತ್ತಿದ್ದಳು. ಶಾಲೆಗೆ ರಜಾ ಇದ್ದರೆ ಜೊತೆಗೆ ನಾನು.

ಅರ್ಧ ದಾರಿಯಲ್ಲಿ ಒಮ್ಮೆ ಅತ್ತೆಯ ನಡಿಗೆ ಬಿರುಸಾಗುತ್ತಿತ್ತು. 'ಬಾರೇ, ಇವರ ಮನೇಲಿ ಕುಂಕುಮ ತಗೊಂಡು ಹೋಗೋಣ' ಎನ್ನುವಳು. ಮುತ್ತೈದೆ ಬಾಗಿಲಿಗೆ ಬಂದರೆ ಅರಿಶಿನ ಕುಂಕುಮ ಕೊಡದೆ ಯಾರೂ ಕಳಿಸುತ್ತಿರಲಿಲ್ಲ. ಬಿಸಿಲಲ್ಲಿ ಬಂದವಳು ಕಾಲು ತೊಳೆಯದೆ ಕುಂಕುಮ ತೆಗೆದುಕೊಳ್ಳುವ ಹಾಗಿಲ್ಲ. ಕಾಲು ತೊಳೆಯುವ ನಲ್ಲಿ ಹಿತ್ತಲಲ್ಲಿ. ನಲ್ಲಿಯಿಂದ ನಾಲ್ಕು ಹೆಜ್ಜೆ ಆಚೆಗೆ, ತಗಡಿನ ಬಾಗಿಲು. 'ಕಾಲು ತೊಳ್ಕೊಂಡು ಬರ್ತೀನಿ' ಎಂದು ಹೋದ ಅತ್ತೆ ಹಗುರಾಗಿ ಬರುತ್ತಿದ್ದಳು. ಆ ಇನ್ನೊಂದು ಮಾತನ್ನು ಯಾರೂ ಕೇಳುತ್ತಿರಲಿಲ್ಲ, ಯಾರೂ ಹೇಳುತ್ತಿರಲಿಲ್ಲ. ನಾನು ಮಾತ್ರ ಮೋಟು ಗೋಡೆಯ ಮೇಲೆ ಕೂತು, ಈ ಅತ್ತೆಯ ಕಾಲು ಎಷ್ಟು ಸಲ ಕೊಳೆಯಾಗುತ್ತದಪ್ಪಾ ಎಂದುಕೊಳ್ಳುತ್ತಿದ್ದೆ.

ಹೀಗೆ ಒಂಬತ್ತೋ ಹತ್ತೋ ಮನೆಗಳು. ಎಲ್ಲಿ ನಾಯಿ ಇದೆ, ಎಲ್ಲಿ ಮಧ್ಯಾಹ್ನ ಮಲಗುತ್ತಾರೆ, ಎಲ್ಲಿ ಚಿಲಕ ಸರಿಯಿಲ್ಲ, ಎಲ್ಲವೂ ಅತ್ತೆಗೆ ಬಾಯಿಪಾಠ. ನನಗೋ ಬಸವನಗುಡಿಯೆಂದರೆ ಈಗಲೂ ಆ ಹಿತ್ತಿಲುಗಳೇ. ಪಾಚಿಗಟ್ಟಿದ ಕಲ್ಲು, ನಲ್ಲಿಯ ಕೆಳಗೆ ಒಂದಿಷ್ಟು ಕೆಸುವಿನ ಎಲೆ, ಒಣಗಿದ ಸೀರೆಗಳ ನಡುವೆ ತೂರಿ ಬರುವ ಬಿಸಿಲು.

ಮಾವ ತೀರಿಕೊಂಡ ಮೇಲೆ ಅತ್ತೆ ಹೊರಗೆ ಹೋಗುವುದನ್ನೇ ಬಿಟ್ಟಳು. ದುಃಖ ಎಂದರು ನಮ್ಮ ಮನೆಯವರು. ಎಂಥ ಸಂಸ್ಕಾರ, ಹೊಸ್ತಿಲು ದಾಟುವುದಿಲ್ಲ ಎಂದು ಹೊಗಳಿದರು ಅಕ್ಕಪಕ್ಕದವರು. ವರ್ಷ ಕಳೆಯಿತು. ಸಂಜೆ ಹೊತ್ತು ಅತ್ತೆ ಕಿಟಕಿಯ ಸರಳು ಹಿಡಿದು ನಿಲ್ಲುತ್ತಿದ್ದಳು. ಎಲ್ಲಿಗಾದರೂ ಹೋಗೋಣ ಎಂದು ನಾನು ಪೀಡಿಸಿದರೆ, ಕಾಲುನೋವು ಎನ್ನುತ್ತಿದ್ದಳು. ದುಃಖವೇನೋ ಇತ್ತು. ಆದರೆ ದುಃಖ ಒಂದೇ ಆಗಿರಲಿಲ್ಲ. ಯಾರ ಬಾಗಿಲಿಗೆ ಹೋಗಿ ಏನೆಂದು ನಿಲ್ಲುವುದು? ಅವಳಿಗೆ ಯಾರೂ ಈಗ ಕುಂಕುಮ ಕೊಡುವಂತಿರಲಿಲ್ಲ.

ಅದು ಹೊಳೆದದ್ದು ಒಬ್ಬರಿಗೇ. ಆ ಹತ್ತು ಮನೆಗಳಲ್ಲಿ ಒಂದರ ಸರೋಜಮ್ಮನವರಿಗೆ. ಎತ್ತರದ ಹೆಂಗಸು, ನಮ್ಮ ಬಾಗಿಲಲ್ಲಿ ಬಗ್ಗಿಯೇ ಒಳಗೆ ಬರಬೇಕು. ಒಂದು ದಿನ ಬಂದು ಕೂತು, ಅದೂ ಇದೂ ಮಾತಾಡಿ, ಎದ್ದು ಹೊರಡುವಾಗ ಎಂದರು: 'ಪದ್ಮಮ್ಮ, ನಮ್ಮ ಹಿತ್ತಲ ಕರಿಬೇವು ಸಿಕ್ಕಾಪಟ್ಟೆ ಬೆಳೆದ್ಬಿಟ್ಟಿದೆ. ನನ್ ಕೈಗೆ ಎಟಕೋದೇ ಇಲ್ಲ. ನೀವು ಆಗಾಗ ಬಂದು ಮುರ್ಕೊಂಡು ಹೋಗ್ಬೇಕು.'

ಸರೋಜಮ್ಮನವರಿಗೆ ಎಟುಕದ ಗಿಡ ಅವರ ಭುಜಕ್ಕೂ ಬರದ ನಮ್ಮ ಅತ್ತೆಗೆ ಹೇಗೆ ಎಟುಕುತ್ತದೆ? ಈ ಪ್ರಶ್ನೆಯನ್ನು ನಾನು ಜೋರಾಗಿಯೇ ಕೇಳಿದೆ. ಅಮ್ಮ ತೊಡೆ ಚಿವುಟಿದಳು. ಅತ್ತೆ ಮಾತ್ರ ಸರೋಜಮ್ಮನವರ ಮುಖವನ್ನೇ ನೋಡುತ್ತಿದ್ದಳು. 'ಬರ್ತೀನಿ' ಎಂದಳು.

ಅಲ್ಲಿಂದ ಮುಂದೆ ನಮ್ಮ ಮನೆಯಲ್ಲಿ ಕರಿಬೇವಿನ ಸುಗ್ಗಿ. ಸಾರಿಗೆ ಕರಿಬೇವು, ಅವಲಕ್ಕಿಗೆ ಕರಿಬೇವು, ಚಟ್ನಿಪುಡಿ, ಎಣ್ಣೆಗೆ ಹಾಕಿ ಕಾಯಿಸಿ ನನ್ನ ತಲೆಗೂ ಕರಿಬೇವು. ಪದ್ದತ್ತೆ ಮತ್ತೆ ಕೊಡೆ ಹಿಡಿದು ಹೊರಟಳು. ಸೊಪ್ಪು ಹೆಚ್ಚಾದದ್ದಕ್ಕೆ ಗೊಣಗಿದವಳು ನಾನೊಬ್ಬಳೇ.

ಈಗ ಮಧ್ಯಾಹ್ನ ಕಣ್ಣು ಮುಚ್ಚಿದರೆ ಆ ಬೀದಿಗಳು ಹಾಗೆಯೇ ಬರುತ್ತವೆ. ಗೇಟುಗಳೆಲ್ಲ ಸುಮ್ಮನೆ ಮುಚ್ಚಿವೆ, ಒಂದಕ್ಕೂ ಬೀಗವಿಲ್ಲ. ಅತ್ತೆ ಮುಂದೆ ಹೋಗುತ್ತಾಳೆ, ಎಷ್ಟು ನಡೆದರೂ ನಾನು ಅವಳ ಹಿಂದೆಯೇ. ಒಂದು ಸಲ ಎಚ್ಚರದಲ್ಲೇ ನನ್ನ ಕಾಲು ಸರೋಜಮ್ಮನವರ ಮನೆಯಿದ್ದ ಜಾಗಕ್ಕೆ ಹೋಗಿ ನಿಂತುಬಿಟ್ಟಿತು. ಅಲ್ಲೀಗ ನಾಲ್ಕು ಮಹಡಿಯ ಫ್ಲಾಟುಗಳು. ವಾಚ್‌ಮನ್ ಯಾರನ್ನು ನೋಡಬೇಕು ಎಂದು ಕೇಳಿದ. ಸರೋಜಮ್ಮ ಎಂದುಬಿಟ್ಟೆ. ಅವನು ಪಾಪ, ಮೊಬೈಲಿನಲ್ಲಿ ಮೇಲಿಂದ ಕೆಳಗೆ ಹುಡುಕಿ, ಆ ಹೆಸರಿನವರು ಇಲ್ಲ ಎಂದ. ಇಲ್ಲವೆಂದು ನನಗೂ ಗೊತ್ತಿತ್ತು.

ಈ ಪೇಚಾಟಕ್ಕೆ ನಾನು ಉಪಾಯ ಮಾಡದೆ ಕೂತವಳಲ್ಲ. ಹೊರಡುವ ಎರಡು ಗಂಟೆ ಮೊದಲೇ ನೀರು ನಿಲ್ಲಿಸುತ್ತೇನೆ. ನಿಂತು ತಿನ್ನುವ ಹೋಟೆಲುಗಳಲ್ಲಿ ಕೈ ತೊಳೆಯುವ ನಲ್ಲಿಯ ಆಚೆಗೆ ಪ್ರವೇಶವಿಲ್ಲ, ಅದಕ್ಕೇ ಒಮ್ಮೆ ತಣ್ಣಗೆ ಏಸಿ ಹಾಕಿದ ಕಾಫಿ ಅಂಗಡಿಗೆ ನುಗ್ಗಿದೆ. ಸುಮ್ಮನೆ ಹೋಗಿ ಬರಲು ಸಂಕೋಚವಾಗಿ ದೊಡ್ಡ ಲೋಟದ ಕಾಫಿ ಹೇಳಿದೆ. ಬಿಟ್ಟು ಬರಲು ಮನಸ್ಸು ಬಾರದೆ ಅಷ್ಟನ್ನೂ ಕುಡಿದೆ. ಅರ್ಧ ದಾರಿಗೆ ಬರುವಷ್ಟರಲ್ಲಿ ಮತ್ತೆ ಅದೇ ಕಥೆ. ಮಲ್ಲೇಶ್ವರದ ಕಛೇರಿಗಳಿಗೆ ಹೋಗುವುದನ್ನು ಬಿಟ್ಟು ಎರಡು ವರ್ಷವಾಯಿತು. ಸಂಗೀತದಲ್ಲಿ ಮೊದಲಿನಂತೆ ಆಸಕ್ತಿ ಇಲ್ಲ ಎಂದು ಎಲ್ಲರಿಗೂ ಹೇಳಿದ್ದೇನೆ, ಪದ್ದತ್ತೆಯ ಕಾಲುನೋವಿನ ಹಾಗೆ.

ಇಷ್ಟೆಲ್ಲ ಆ ಬೀಗದ ಮುಂದೆ, ಕರಿಬೇವು ಹಿಡಿದು ನಿಂತಾಗ ತಲೆಯಲ್ಲಿ ಹಾದುಹೋಯಿತು. ಎಟುಕದ ಗಿಡದ ಲೆಕ್ಕ ನಾನು ಬಿಡಿಸಿದ್ದು ಆಗಲೇ. ಐವತ್ತು ವರ್ಷ ಬೇಕಾಯಿತು ನೋಡಿ ನನ್ನ ಮಂಡೆಗೆ. ನಕ್ಕು ಗೌರಮ್ಮನಿಗೂ ಹೇಳೋಣ ಎಂದು ತಿರುಗಿದವಳಿಗೆ ಇದ್ದಕ್ಕಿದ್ದಂತೆ ಇನ್ನೊಂದು ಹೊಳೆಯಿತು. ನಾನಾದರೆ ಹತ್ತು ನಿಮಿಷ ಹಲ್ಲು ಕಚ್ಚಿದರೆ ಮನೆ. ಇವಳು ಬೆಳಗಾಗುವ ಮೊದಲೇ ಕಲಾಸಿಪಾಳ್ಯದಲ್ಲಿ ಸೊಪ್ಪು ಎತ್ತಿಕೊಂಡು ಬಂದವಳು, ಸಂಜೆವರೆಗೂ ಇಲ್ಲೇ.

'ಬೀಗ ಹಾಕಿದಾರಲ್ಲ, ನೀನೆಲ್ಲಿಗೆ ಹೋಗ್ತೀಯ ಗೌರಮ್ಮ?'

'ನಾನಾ? ನಾನು ನೀರೇ ಕುಡಿಯಾಕಿಲ್ಲ ಕಣಮ್ಮ. ಮನೆಗೆ ಹೋದ್ಮೇಲೆ ಕುಡೀತೀನಿ.'

ದೂರಲಿಲ್ಲ, ಅಳಲಿಲ್ಲ. ಹೇಳುತ್ತಲೇ ಪಕ್ಕದ ಡಬ್ಬದಲ್ಲಿ ಕೈ ಅದ್ದಿ ಸೊಪ್ಪಿನ ಮೇಲೆ ನೀರು ಚಿಮುಕಿಸಿದಳು. ಬಾಡದಂತೆ ಗಳಿಗೆಗೊಮ್ಮೆ ನೀರು. ಅವಳ ತುಟಿ ಒಡೆದಿತ್ತು. ಇಷ್ಟು ವರ್ಷ ಅವಳೆದುರು ನಿಂತು ಸೊಪ್ಪನ್ನು ಮಾತ್ರ ನೋಡಿದ್ದೆನಲ್ಲ ಎಂದು ನನಗೆ ಬಹಳ ನಾಚಿಕೆಯಾಯಿತು. ನನ್ನ ಅವಸರ ಮರೆತೇಹೋಯಿತು ಎಂದರೆ ಸುಳ್ಳಾಗುತ್ತದೆ, ಆದರೂ ನಿಂತೆ.

ನೇರವಾಗಿ ಕರೆಯಬಹುದಿತ್ತು. ಬೀದಿಯಲ್ಲಿ ನಾಲ್ಕು ಜನ ಕೊಳ್ಳುವವರ ಮುಂದೆ ಅದನ್ನು ಹೇಗೆ ಹೇಳುವುದು? ಸರೋಜಮ್ಮನವರ ಜಾಣತನ ನನಗಿಲ್ಲ, ಬಾಯಿಗೆ ಬಂದದ್ದನ್ನು ಹೇಳಿದೆ: 'ಇನ್ಮೇಲೆ ದಿನಾ ಮಧ್ಯಾಹ್ನ ಒಂದು ಎಸಳು ಕರಿಬೇವು ಮನೆಗೇ ತಂದ್ಕೊಡ್ತೀಯಾ? ಪಕ್ಕದ ಓಣಿಲಿ ಬಂದ್ರೆ ನಮ್ಮ ಹಿತ್ತಲ ಬಾಗ್ಲೇ ಸಿಗತ್ತೆ. ನಂಗೆ ಹೊರೋಕಾಗಲ್ಲ, ಮಂಡಿ ನೋವು.'

ಗೌರಮ್ಮ ನನ್ನ ಕೈಚೀಲದಲ್ಲಿದ್ದ ಸಿಹಿಗುಂಬಳವನ್ನು ನೋಡಿದಳು. ನನ್ನ ಮುಖ ನೋಡಿದಳು. ಹಿಂದೆ ತಿರುಗಿ ಆ ಬೀಗವನ್ನೂ ನೋಡಿದಳು.

'ಎಷ್ಟೊತ್ತಿಗೆ ಬರ್ಲಿ ಅಮ್ಮ?' ಎಂದಳು.

ನಮ್ಮ ಹಿತ್ತಲಿನ ಹಳೆಯ ಪಾಯಖಾನೆಯಲ್ಲಿ ಬೊಂಬೆ ಹಬ್ಬದ ಹಲಗೆಗಳು, ಕೆಟ್ಟ ಮಿಕ್ಸಿ, ಕಟ್ಟುಗಟ್ಟಲೆ ಪೇಪರು ತುಂಬಿದ್ದೆವು. ಅಂದು ಸಂಜೆ ಅವನ್ನೆಲ್ಲ ಹೊರಗೆ ಹಾಕಿ, ತೊಳೆದು, ಹೊಸ ಬಕೆಟ್ಟು ಇಟ್ಟೆ. ಇಷ್ಟು ದಿನ ಇಲ್ಲದ್ದು ಈಗ ಯಾಕೆ ಎಂದು ನಮ್ಮ ಯಜಮಾನರು ಕೇಳಿದರು. ಕರಿಬೇವಿಗೆ ಎಂದೆ.

ಮರುದಿನ ಮಧ್ಯಾಹ್ನ ಹಿತ್ತಲ ಬಾಗಿಲು ಕಿರುಗುಟ್ಟಿತು. ಗೌರಮ್ಮ ಕರಿಬೇವನ್ನು ಕಟ್ಟೆಯ ಮೇಲಿಟ್ಟು, ನನ್ನ ಕಡೆ ನೋಡದೆ, 'ಕಾಲು ತೊಳ್ಕೊಂಡು ಬರ್ತೀನಮ್ಮ' ಎಂದು ಆಚೆ ಹೋದಳು. ಆ ಮಾತನ್ನು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ನಾನು ಎಸಳಿನಿಂದ ಎಲೆ ಬಿಡಿಸುತ್ತಾ ಕೂತೆ.

ಬಂದವಳು ಕುಡಿಯಲು ನೀರು ಕೇಳಿದಳು. ದೊಡ್ಡ ಚೊಂಬಿನಲ್ಲೇ ಕೊಟ್ಟೆ. ನಿಂತಲ್ಲೇ ತಲೆ ಮೇಲೆತ್ತಿ, ಕಣ್ಣು ಮುಚ್ಚಿ, ಎಲ್ಲೂ ನಿಲ್ಲಿಸದೆ ಅಷ್ಟನ್ನೂ ಕುಡಿದಳು. ಆಮೇಲೆ ಚೊಂಬು ನನ್ನ ಕಡೆ ಚಾಚಿ, ಇನ್ನೊಂದು ಕೇಳಿದಳು.