ಕತ್ತಿನ ಹಿಂದಿನ ಬಿಳಿ ಬಣ್ಣ

ಮಗಳ ಕತ್ತಿನ ಹಿಂದೆ ಬಿಳಿ ಬಣ್ಣ ಕಂಡದ್ದು ಹುಳದ ಮನೆಯ ಬಾಗಿಲಲ್ಲಿ. ರೇಷ್ಮೆ ಹುಳ ಸಾಕುವ ಕಡೆ ಪೌಡರು, ಸೆಂಟು, ಊದುಬತ್ತಿ ಯಾವುದೂ ಸುಳಿಯುವಂತಿಲ್ಲ. ವಾಸನೆ ತಾಗಿದರೆ ಹುಳ ಸೊಪ್ಪು ಮುಟ್ಟುವುದಿಲ್ಲ. ಕೈಲಾಂಚದಂಥ ರೇಷ್ಮೆಯ ಊರಲ್ಲಿ ಹುಟ್ಟಿ ಬೆಳೆದವಳಿಗೆ ಇದನ್ನೂ ಹೇಳಿಕೊಡಬೇಕೇ? ಸೊಪ್ಪಿನ ಮಂಕರಿ ಕಿತ್ತುಕೊಂಡು, ಜಡೆ ಎತ್ತಿ ನೋಡಿದೆ. ಕತ್ತೆಲ್ಲ ಬಿಳಿ, ನಡುವೆ ಎರಡು ನಾಲಗೆಯ ಹಾಗೆ ಬರಿ ಚರ್ಮ ಬಿಟ್ಟಿದ್ದಾರೆ. ನಿಧಾನವಾಗಿ, ಅಂದವಾಗಿ ಬರೆದದ್ದು. ತನ್ನ ಕತ್ತಿನ ಹಿಂದೆ ತಾನೇ ಹಾಗೆ ಬರೆದುಕೊಳ್ಳಲು ಯಾರಿಂದಾಗುತ್ತದೆ?

"ಯಾರೇ ಬರ್ದಿದ್ದು?"

"ಜಪಾನ್ ಮೇಡಮ್ಮು. ಮುಖ ತೊಳ್ಕಂಡೆ, ಹಿಂದ್ಗಡೆ ಕೈಗೆ ಸಿಕ್ನಿಲ್ಲ."

"ಮೇಡಮ್ಮೋ, ಮೇಡಮ್ಮಿನ ಮಗನೋ?"

ಅವಳು ಜಡೆ ಬಿಡಿಸಿಕೊಂಡು ಹಿಂದೆ ಸರಿದಳು. ಬಿಡದಿಯ ಕಾರ್ಖಾನೆಯೊಂದರ ಆಫೀಸಿನಲ್ಲಿ ಅವಳಿಗೆ ಕೆಲಸ. ಅಲ್ಲಿನ ಜಪಾನಿ ಸಾಹೇಬರ ತಾಯಿ ಮಗನ ಮನೆಗೆ ಬಂದಿದ್ದರಂತೆ. ವಯಸ್ಸಿನಲ್ಲಿದ್ದಾಗ ಗೇಶಾ ಆಗಿದ್ದವರಂತೆ. ಆಫೀಸಿನ ಹುಡುಗಿಯರಿಗೆ ಬೀಸಣಿಗೆ ಹಿಡಿದು ಕುಣಿಯುವುದನ್ನು ಕಲಿಸುತ್ತಿದ್ದರಂತೆ. ಎಲ್ಲವೂ ಅಂತೆಯೇ.

"ಹಂಗಂದ್ರೆ ಏನೇ, ಗೇಶಾ?"

"ಹಾಡು, ಕುಣಿತ, ವಾದ್ಯ ಎಲ್ಲಾ ವರ್ಷಗಟ್ಲೆ ಕಲ್ತು, ಊಟಕ್ಕೆ ಬಂದೋರ ಮುಂದೆ ಆಡಿ ತೋರ್ಸೋರು."

"ಗಂಡಸ್ರು ಉಣ್ತಾ ಕೂತಿರ್ತಾರೆ, ಇವ್ರು ಕುಣೀತಾರೆ. ಆಮೇಲೆ?"

"ಆಮೇಲೆ ಮನೆಗೋಯ್ತಾರೆ ಕಣಮ್ಮ!"

ಸಿಟ್ಟಿನಿಂದ ಹೇಳಿದಳು. ಸುಳ್ಳು ಹೇಳುವವರಿಗೂ ಸಿಟ್ಟು ಬರುತ್ತದೆ, ನನಗೆ ಗೊತ್ತಿಲ್ಲವೇ! ನನ್ನ ಗಂಡ ಹಟ್ಟಿಯಿಂದಲೇ, "ಅವಳ ಪಾಡಿಗೆ ಬುಟ್ಬುಡೇ" ಎಂದು ಕೂಗಿದರು. ಮನೆಗೆ ಬೆಂಕಿ ಬಿದ್ದರೂ ಹೀಗೇ ಅನ್ನುವ ಮನುಷ್ಯ.

ಎರಡು ದಿನ ಮಾತು ಬಿಟ್ಟವಳು ಶನಿವಾರ ತಾನಾಗಿಯೇ ಬಂದು ಪಕ್ಕದಲ್ಲಿ ಕೂತಳು. "ನಾಳೆ ಕಾರ್ಯಕ್ರಮ ಐತೆ. ಮೇಡಮ್ಮು ಆಮೇಲೆ ಅವ್ರ ದೇಶಕ್ಕೆ ಹೊಂಟೋಯ್ತಾರೆ. ನಾನು ಕುಣಿಯೋದು ಇದೊಂದೇ ಸಲ. ನೀನು ನೋಡ್ಬೇಕಮ್ಮ. ಬೇರೆ ಯಾರೂ ಬರ್ನಿಲ್ಲ ಅಂದ್ರೂ ಪರ್ವಾಗಿಲ್ಲ."

ಬರುತ್ತೇನೆ ಎಂದೆ. ಕತ್ತಿನ ಮೇಲೆ ಬರೆದ ಕೈ ಯಾರದೆಂದು ಪತ್ತೆ ಮಾಡಲು ಇದಕ್ಕಿಂತ ಒಳ್ಳೆಯ ಸಮಯ ಎಲ್ಲಿ ಸಿಗುತ್ತದೆ?

ಕಾರ್ಯಕ್ರಮದಲ್ಲಿ ಮೊದಲ ಸಾಲಿನಲ್ಲೇ ನನಗೆಂದು ಕುರ್ಚಿ ಹಿಡಿದಿಟ್ಟಿದ್ದಳು. ನಾನು ಅಲ್ಲಿ ಕೂರಲಿಲ್ಲ. ಗಂಡಸರ ಮುಖ ಕಾಣುವಂತೆ ಪಕ್ಕದ ಗೋಡೆಗೆ ಒರಗಿ ನಿಂತೆ. ಸಾಹೇಬರ ತಾಯಿ, ಆ ಮುದುಕಿ, ಚಾಪೆಯ ಮೇಲೆ ಮಂಡಿಯೂರಿ, ಉದ್ದ ಕತ್ತಿನ ಮೂರು ತಂತಿಯ ವಾದ್ಯವನ್ನು ತೊಡೆಗೇರಿಸಿಕೊಂಡು, ಗಾರೆಯವರ ಕರಣೆಯಂಥದ್ದೊಂದರಿಂದ ಬಾರಿಸತೊಡಗಿದರು. ಠಣ್ ಅಂದರೆ ಒಂದು, ಆಮೇಲೆ ಎಷ್ಟೋ ಹೊತ್ತು ಸುಮ್ಮನೆ. ಮಗಳು ಬಂದಳು. ಸುಣ್ಣ ಬಳಿದಂಥ ಮುಖ, ನೀಲಿ ಉಡುಪು. ಅಷ್ಟು ನೋಡಿಕೊಂಡು ನಾನು ಕೆಲಸ ಶುರುಮಾಡಿದೆ.

ಸಾಹೇಬರು ಕಣ್ಣು ಮುಚ್ಚಿ ತಾಯಿಯ ವಾದ್ಯ ಕೇಳುತ್ತಿದ್ದರು. ನಾಟಕವೇ ಇರಬೇಕು ಎಂದುಕೊಂಡೆ. ಕ್ಯಾಮರಾ ಹಿಡಿದವನೊಬ್ಬ ಅತ್ತಿಂದಿತ್ತ ಓಡಾಡುತ್ತಿದ್ದ. ಇವನೇ ಅಂದುಕೊಳ್ಳುವಷ್ಟರಲ್ಲಿ ಅವನ ಹೆಂಡತಿ ಕೂಸನ್ನು ತಂದು ಕೈಗೆ ಕೊಟ್ಟಳು. ಮೂರನೇ ಸಾಲಿನ ಮೀಸೆಯವನು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದ. ಅವನನ್ನು ದುರುಗುಟ್ಟಿಕೊಂಡು ನಿಂತಿದ್ದಾಗಲೇ ಚಪ್ಪಾಳೆ ಬಿತ್ತು. ಜನ ಎದ್ದು ನಿಂತು ತಟ್ಟುತ್ತಿದ್ದರು. ಇಷ್ಟು ಬೇಗ ಮುಗಿಯಿತೇ?

ಮಗಳು ಬೆವರುತ್ತಾ ನೇರ ನನ್ನ ಬಳಿ ಬಂದಳು. "ಹೆಂಗಿತ್ತಮ್ಮ?"

"ಸಂದಾಕಿತ್ತು ಕಣೇ."

ಕೈಯಲ್ಲಿದ್ದ ಬೀಸಣಿಗೆ ಮಡಚಿದಳು. "ಕೊನೇಲಿ ಬೀಸಣಿಗೆ ಜಾರಿ ಬಿದ್ದೋಯ್ತಲ್ಲ, ಅದು?"

"ಅಯ್ಯೋ, ಯಾರೂ ಗಮನಿಸ್ನಿಲ್ಲ ಬುಡು. ತಕ್ಷಣ ಎತ್ಕಂಡ್ಯಲ್ಲ."

"ಬೀಸಣಿಗೆ ಬೀಳ್ನೇ ಇಲ್ಲ ಕಣಮ್ಮ" ಎಂದು ಹೇಳಿ, ಬಣ್ಣ ತೊಳೆಯಲು ಒಳಗೆ ಹೋದಳು.