ಕಪ್ಪೆಯ ಕಿವಿಗೆ ಹನಿ ಬಿಡುವವಳು

ಪ್ರಯೋಗಾಲಯದಲ್ಲಿ ಅವಳನ್ನು ಎಲ್ಲರೂ ಹನಿಯಕ್ಕ ಎಂದೇ ಕರೆಯುವುದು. ಕೆಲಸವೂ ಅದೇ. ಮೈ ವಾಲದಂತೆ ಸಮತೋಲ ಕಾಯುವ ಕಪ್ಪೆಯ ಒಳಗಿವಿಯ ಚೂರನ್ನು ಉಪ್ಪುನೀರಿನ ಬಟ್ಟಲಲ್ಲಿ ಜೀವಂತವಾಗಿಟ್ಟು, ಅದರ ನರಕ್ಕೆ ಕೂದಲಿಗಿಂತ ಸಣ್ಣ ಸೂಜಿ ತಾಗಿಸಿ, ಮೇಲೊಂದು ಹನಿ ಬಿಡಬೇಕು. ನರ ಮಿಡಿದಾಗಲೆಲ್ಲ ಸ್ಪೀಕರ್ ಟಕ್ ಎನ್ನುತ್ತದೆ. ಮನೆಯಲ್ಲಿ ಅವಳ ತಂಗಿ ಒಳಗಿವಿ ಕೆಟ್ಟು ಬಂದ ತಲೆಸುತ್ತಿನಿಂದ ಗೋಡೆ ಹಿಡಿದು ನಡೆಯುತ್ತಾಳೆ. ಎಲ್ಲಾ ನಾಟಕ ಎಂದು ನೆಂಟರು ಆಡಿಕೊಳ್ಳುತ್ತಾರೆ. ಅವರ ಬಾಯಿಗಿಷ್ಟು ಮಣ್ಣು ಹಾಕ! ಆ ಸಿಟ್ಟಿಗೇ ಹನಿಯಕ್ಕ ಈ ಕೆಲಸವನ್ನು ಬಿಡದೆ ಹಿಡಿದಿದ್ದಳು.

ಅಂದು ಹನಿಯಲ್ಲಿದ್ದದ್ದು ನ್ಯೂರೋಪೆಪ್ಟೈಡ್, ಅಂದರೆ ನರಗಳೇ ತಯಾರಿಸಿಕೊಳ್ಳುವ ಪುಟ್ಟ ಪ್ರೋಟೀನ್ ತುಣುಕು. ಮಿದುಳಿನಿಂದ ಕಿವಿಗೆ ಬರುವ ನರಗಳು ಇದನ್ನು ಸುರಿದು, ಕಿವಿಯಿಂದ ಹೊರಡುವ ಸುದ್ದಿಯನ್ನು ಜೋರು ಮಾಡುತ್ತವೆಯೇ ಎಂಬುದೇ ಪ್ರಶ್ನೆ. ಹನಿ ಬಿತ್ತು. ಟಕ್... ಟಕ್... ಎನ್ನುತ್ತಿದ್ದ ಸ್ಪೀಕರ್ ಸ್ವಲ್ಪ ಹೊತ್ತಿಗೆ ಸಾಸಿವೆ ಸಿಡಿದಂತೆ ಟಕಟಕಟಕ ಎಂದು ಶುರುಹಚ್ಚಿಕೊಂಡಿತು.

"ಅಯ್ಯಯ್ಯೋ ಮೇಡಂ, ಕೇಳಿದ್ರಾ!" ಹನಿಯಕ್ಕ ಪಕ್ಕದಲ್ಲಿದ್ದ ಸಂಶೋಧಕಿಯ ಎರಡೂ ಕೈ ಹಿಡಿದು ಗಿರಗಿರ ತಿರುಗಿದಳು. ತಿರುಗಿದ್ದೇ ತಪ್ಪಾಯಿತು. ತಲೆ ಗಿರ್ರೆಂದು, ಸೊಂಟ ಮೇಜಿಗೆ ಬಡಿದು, ಸೂಜಿ ಜಾರಿತು. ಸ್ಪೀಕರ್ ಗಪ್‌ಚುಪ್.

ಮೇಡಂ ಮುಖ ಇಳಿಯಿತು. "ಬರೀ ಉಪ್ಪುನೀರಿನ ಹನಿ ಇನ್ನೂ ಹಾಕಿಲ್ವಲ್ರೀ. ಅದಕ್ಕೂ ನರ ಹೀಗೇ ಕಿರುಚಿದ್ರೆ ನಮ್ಮ ಪೆಪ್ಟೈಡ್‌ದೇನೂ ಇಲ್ಲ, ಹನಿ ಬಿದ್ದ ಅಲುಗಾಟಕ್ಕೇ ಕಿರುಚಿದ್ದು ಅಂತಾಗುತ್ತೆ. ಇದೇ ನರದಲ್ಲೇ ನೋಡ್ಬೇಕಿತ್ತು."

ಹನಿಯಕ್ಕ ಮೇಜು ಹಿಡಿದು ನಿಂತಳು. ವರ್ಷಗಟ್ಟಲೆ ಕಾದದ್ದು ಒಂದು ಕುಣಿತಕ್ಕೆ ಹೋಯಿತಲ್ಲ! ಕೋಣೆ ಇನ್ನೂ ತಿರುಗುತ್ತಲೇ ಇತ್ತು. ಒಳ್ಳೇ ಹೊತ್ತಿಗೆ ಕೈಕೊಟ್ಟೆಯಲ್ಲೇ ಎಂದು ತನ್ನ ಕಿವಿಗೇ ಬೈದು, ಮೊಣಕೈಯನ್ನು ಮೇಜಿಗೊತ್ತಿ ಸೂಜಿ ಇಳಿಸಿದಳು. ಏನೂ ಇಲ್ಲ. ಇನ್ನೊಂಚೂರು. ಟಕ್... ಟಕ್... ಮಿಡಿತ ತೋರಿಸುವ ಪರದೆಯ ಮೇಲಿನ ಗೆರೆಯ ಆಕಾರ ನೋಡಿ ಮೇಡಂ, "ಅದೇ ನರ ಕಣ್ರೀ!" ಎಂದರು.

ಹಳೆಯ ಹನಿಯನ್ನೆಲ್ಲ ತೊಳೆದು, ಬರೀ ಉಪ್ಪುನೀರು ಬಿಟ್ಟರು. ಟಕ್... ಟಕ್... ಜಪ್ಪಯ್ಯ ಅಂದರೂ ಬದಲಾಗಲಿಲ್ಲ. ಮತ್ತೆ ಪೆಪ್ಟೈಡ್ ಬಿಟ್ಟರು. ಟಕಟಕಟಕಟಕ!

"ಕೂತ್ಕೊಂಡೇ ಕುಣೀರಿ, ಮಾರಾಯ್ತಿ!" ಎಂದು ಮೇಡಂ ಕೂಗಿದರು. ಹನಿಯಕ್ಕ ಕುರ್ಚಿಯಲ್ಲೇ ಕುಣಿಯುತ್ತ ತಂಗಿಗೆ ಫೋನ್ ಹಚ್ಚಿ, ಅದನ್ನು ಸ್ಪೀಕರಿಗೆ ಹಿಡಿದಳು.

"ಇದು ಔಷಧಿ ಅಲ್ಲ ಕಣೇ, ಬರೀ ಕಪ್ಪೆ ಕಿವಿ. ಆದ್ರೂ ಕೇಳು, ಒಂದೇ ಹನಿಗೆ ಕಿವಿಯೊಳಗೆ ಎಷ್ಟು ಗಲಾಟೆ!"

ತಂಗಿ ತುಂಬಾ ಹೊತ್ತು ಕೇಳಿಸಿಕೊಂಡಳು. ಆಮೇಲೆ ನಗುತ್ತಿದ್ದಾಳೋ ಅಳುತ್ತಿದ್ದಾಳೋ ತಿಳಿಯದ ದನಿಯಲ್ಲಿ ಕೇಳಿದಳು.

"ಅಕ್ಕಾ, ಆ ಕಪ್ಪೆಗೂ ಯಾರಾದ್ರೂ ನಾಟಕ ಅಂದ್ರಾ?"