ಬರೀ ಹೆಸರು

ಅರಸೀಕೆರೆಯ ಸ್ಟೇಷನ್ ರಸ್ತೆಯಲ್ಲಿ ನನ್ನ ಪರಿಚಯದ ಹಿರಿಯರೊಬ್ಬರದು ಟಿಕೆಟ್ ಬುಕಿಂಗ್ ಅಂಗಡಿ. ಯಾವುದೇ ಸರ್ಕಾರಿ ಸಾಹೇಬರ ಹೆಸರು ಕಿವಿಗೆ ಬಿದ್ದರೆ ಸಾಕು, ಫೋನಿನಲ್ಲಿ ಮಾತಾಡುತ್ತಿದ್ದರೂ ಕುರ್ಚಿಯಿಂದ ಎದ್ದು ನಿಲ್ಲುತ್ತಿದ್ದರು. "ದೊಡ್ಡೋರ್ ಕೆಲ್ಸ, ಮರ್ಯಾದೆಯಿಂದ ಮಾಡ್ಬೇಕು ಕಣ್ಲಾ" ಎಂಬುದು ಸದಾ ಅವರ ಬಾಯಲ್ಲಿದ್ದ ಮಾತು.

ತೆಂಗಿನ ಬೇಸಾಯ ನೋಡಿಬರಲು ಬ್ರೆಜಿಲ್‌ಗೆ ಹೊರಟ ಸರ್ಕಾರಿ ನಿಯೋಗಕ್ಕೆ ವಿಮಾನದ ಟಿಕೆಟ್ ಮಾಡಿಸಿದವರು ಅವರೇ. ಫೈಲು ಹೊರುವ ಗುಮಾಸ್ತನಾಗಿ ನಾನೂ ಆ ನಿಯೋಗದಲ್ಲಿದ್ದೆ.

ಬೆಂಗಳೂರಿನ ವಿಮಾನ ನಿಲ್ದಾಣದ ಕೌಂಟರಿನಲ್ಲಿದ್ದ ಹುಡುಗಿ ಟಿಕೆಟ್ಟು, ಪಾಸ್‌ಪೋರ್ಟುಗಳನ್ನು ಪಕ್ಕಪಕ್ಕ ಹಿಡಿದು ನೋಡಿದಳು. "ಹೆಸರು ಮ್ಯಾಚ್ ಆಗ್ತಿಲ್ಲ ಸರ್. ಈ ಫ್ಲೈಟ್ ಹತ್ತೋಕೆ ಆಗಲ್ಲ."

ಪಾಸ್‌ಪೋರ್ಟಿನಲ್ಲಿ ರಂಗಪ್ಪ, ಟಿಕೆಟ್ಟಿನಲ್ಲಿ ರಂಗಪ್ಪನವರು. ಪಾಸ್‌ಪೋರ್ಟಿನಲ್ಲಿ ಮಂಜೇಗೌಡ, ಟಿಕೆಟ್ಟಿನಲ್ಲಿ ಮಂಜೇಗೌಡರು. ನಿಯೋಗದ ಸಾಹೇಬರೆಲ್ಲ ನನ್ನತ್ತ ತಿರುಗಿದರು.

ಅಂಗಡಿಯ ಹಿರಿಯರಿಗೆ ಫೋನು ಮಾಡಿ ವಿಷಯ ಹೇಳಿದೆ. ಆ ಕಡೆ ಕುರ್ಚಿ ಹಿಂದೆ ಸರಿದ ಸದ್ದು ಕೇಳಿಸಿತು. ಎದ್ದು ನಿಂತಿದ್ದರು.

"ಅಂಥೋರ್ ಹೆಸ್ರನ್ನ ಬರೀ ರಂಗಪ್ಪ ಅಂತ ಬರೆಯಾಕೆ ಮನ್ಸಾದ್ರೂ ಹೆಂಗ್ ಬತ್ತೈತೆ ಹೇಳು" ಎಂದರು. ಆಮೇಲೆ ಸಮಾಧಾನ ಮಾಡುವವರಂತೆ ದನಿ ತಗ್ಗಿಸಿದರು.

"ನಿಂದು ಬರೀ ಹೆಸ್ರೇ ಹಾಕಿದೀನಿ ಕಣ್ಲಾ. ನೀನು ಹತ್ಕೊ."